ಎಲ್ವಿಸ್‌ಗೆ ಹದಿನೆಂಟೋ, ಹದಿನೇಳೋ, ಏಳೋ?

ಮೈಸೂರಿನ ಓದುಗರೊಬ್ಬರ ಪತ್ರದ ಸಾರಾಂಶ ಹೀಗಿದೆ. ಕಾಲೇಜೊಂದರ ಕ್ವಿಝ್‌ನಲ್ಲಿ ಅವರು ಅಂಕ ಬರೆಯಲು ಕುಳಿತಿದ್ದರು. ‘ಎಲ್ವಿಸ್ ಪ್ರೀಸ್ಲಿಯ ಎಷ್ಟು ಹಾಡುಗಳು ಅಮೆರಿಕದಲ್ಲಿ ನಂಬರ್ ಒನ್ ಆದವು?’ ಎಂಬ ಪ್ರಶ್ನೆಗೆ ಒಂದು ತಂಡ 18 ಎಂದಿತು, ಇನ್ನೊಂದು 17 ಎಂದಿತು, ಮೊಬೈಲ್ ತೆಗೆದು ನೋಡಿದ ಪ್ರೇಕ್ಷಕರೊಬ್ಬರು 7 ಎಂದರು. ಸಭೆ ಗದ್ದಲವಾಯಿತು. ಅಂಕ ಯಾರಿಗೆ ಸಲ್ಲಬೇಕಿತ್ತು ಎಂಬುದು ಅವರ ಮುಖ್ಯ ಪ್ರಶ್ನೆ. ಇದರ ಜೊತೆಗೆ ಮೂರು ಉಪಪ್ರಶ್ನೆಗಳಿವೆ: ನಂಬರ್ ಒನ್ ಆದ ಮೊದಲ ರಾಕ್ ಹಾಡು ಯಾವುದು, ಬ್ರಿಟನ್ನಿನಲ್ಲಿ ಬೀಟಲ್ಸ್‌ನ ಮೊದಲ ನಂಬರ್ ಒನ್ ಯಾವುದು, ಮನೆಯ ಟ್ರಂಕಿನಲ್ಲಿ ಸಿಕ್ಕಿದ ಬೀಟಲ್ಸ್‌ನ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟು ನಕಲಿಯೇ?

ಸಂಪಾದಕರ ಉತ್ತರ:

ಮೂರು ಸಂಖ್ಯೆಗಳಿಗೂ ಆಧಾರವಿದೆ. ಅಂಕ ಕಳೆಯಬೇಕಾದದ್ದು ಪ್ರಶ್ನೆ ಬರೆದವರದು. ಯಾವ ಪಟ್ಟಿ ಎಂದು ಹೇಳದೆ ನಂಬರ್ ಒನ್ ಎಷ್ಟು ಎಂದು ಕೇಳಿದರೆ ಗದ್ದಲವಾಗದೆ ಇನ್ನೇನಾಗುತ್ತದೆ? ಅದರಲ್ಲೂ 1958ಕ್ಕಿಂತ ಹಿಂದಿನ ಹಾಡುಗಳ ವಿಷಯದಲ್ಲಿ.

ಈಗ ಎಲ್ಲರ ಬಾಯಲ್ಲಿರುವ ಬಿಲ್‌ಬೋರ್ಡ್ ‘ಹಾಟ್ ಹಂಡ್ರೆಡ್’ ಶುರುವಾದದ್ದು 1958ರ ಆಗಸ್ಟ್ 4ರಂದು. ಅದರ ಮೊಟ್ಟಮೊದಲ ನಂಬರ್ ಒನ್ ರಿಕಿ ನೆಲ್ಸನ್ ಹಾಡಿದ ‘ಪೂರ್ ಲಿಟಲ್ ಫೂಲ್’. ಅದಕ್ಕೂ ಮೊದಲು ಬಿಲ್‌ಬೋರ್ಡ್ ಪತ್ರಿಕೆ ಒಂದೇ ವಾರದಲ್ಲಿ ಹಲವು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿ ಅಚ್ಚು ಹಾಕುತ್ತಿತ್ತು. ಅಂಗಡಿಗಳ ಮಾರಾಟದ್ದು ‘ಬೆಸ್ಟ್ ಸೆಲ್ಲರ್ಸ್ ಇನ್ ಸ್ಟೋರ್ಸ್’. ರೇಡಿಯೋದಲ್ಲಿ ಡಿಸ್ಕ್ ಜಾಕಿಗಳು ಏನನ್ನು ಹೆಚ್ಚು ನುಡಿಸಿದರು ಎಂಬುದು ಇನ್ನೊಂದು ಪಟ್ಟಿ. ಹೋಟೆಲು, ಬಾರುಗಳಲ್ಲಿ ಕಾಸು ಹಾಕಿ ಕೇಳುವ ಜ್ಯೂಕ್‌ಬಾಕ್ಸ್‌ನದು ಮತ್ತೊಂದು. ಇವೆಲ್ಲವನ್ನೂ ಬೆರೆಸಿ ನೂರು ಹಾಡುಗಳಿಗೆ ಸ್ಥಾನ ಕೊಡುವ ‘ಟಾಪ್ ಹಂಡ್ರೆಡ್’ 1955ರ ನವೆಂಬರ್‌ನಲ್ಲಿ ಸೇರಿಕೊಂಡಿತು. ಜ್ಯೂಕ್‌ಬಾಕ್ಸ್ ಪಟ್ಟಿ 1957ರ ಜೂನ್‌ನಲ್ಲಿ ನಿಂತಿತು, ಉಳಿದವು 1958ರಲ್ಲಿ ಒಂದೊಂದಾಗಿ ನಿಂತವು. ಎಲ್ವಿಸ್ ಉತ್ತುಂಗದಲ್ಲಿದ್ದ ಎರಡೂವರೆ ವರ್ಷ ಸರಿಯಾಗಿ ಈ ಗೊಂದಲದ ಕಾಲಕ್ಕೇ ಬಿದ್ದಿದೆ.

ಜಗಳದ ಮೂಲ ಒಂದೇ ಒಂದು ಪ್ಲೇಟು: 1956ರ ಜುಲೈನಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ ಹೊರತಂದದ್ದು. ಅದರ 45 ಆರ್‌ಪಿಎಂ ಪ್ರತಿಯ ಸಂಖ್ಯೆ 47-6604. ಒಂದು ಬದಿಗೆ ‘ಹೌಂಡ್ ಡಾಗ್’, ಇನ್ನೊಂದು ಬದಿಗೆ ‘ಡೋಂಟ್ ಬಿ ಕ್ರೂಯಲ್’. ಎರಡೂ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಒಂದೇ ದಿನ, ಜುಲೈ 2ರಂದು, ಧ್ವನಿಮುದ್ರಣಗೊಂಡವು. ಅಂಗಡಿಗೆ ಬಂದ ಗಿರಾಕಿ ಪ್ಲೇಟನ್ನು ಕೊಳ್ಳುತ್ತಾನೆ. ಯಾವ ಬದಿಗಾಗಿ ಕೊಂಡ ಎಂದು ಅಂಗಡಿಯವನಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಮಾರಾಟದ ಪಟ್ಟಿಯಲ್ಲಿ ಎರಡೂ ಹಾಡು ಜೋಡಿಯಾಗಿ 11 ವಾರ ಮೊದಲ ಸ್ಥಾನದಲ್ಲಿ ಕುಳಿತವು. ಈ ದಾಖಲೆ ಮುರಿಯಲು 1992ರವರೆಗೆ ಕಾಯಬೇಕಾಯಿತು, ಆಗ ಬಾಯ್ಜ್ ಟು ಮೆನ್ ತಂಡ 13 ವಾರ ನಿಂತಿತು. ರೇಡಿಯೋದವರು ನುಡಿಸುವುದು ಮಾತ್ರ ಒಂದು ಸಲಕ್ಕೆ ಒಂದೇ ಬದಿ. ಆದ್ದರಿಂದ ಎರಡು ಬದಿಗೂ ಬೇರೆ ಬೇರೆ ಲೆಕ್ಕ ಇಟ್ಟಿದ್ದ ಟಾಪ್ ಹಂಡ್ರೆಡ್‌ನಲ್ಲಿ ‘ಡೋಂಟ್ ಬಿ ಕ್ರೂಯಲ್’ ಒಂದನೇ ಸ್ಥಾನಕ್ಕೆ ಹೋಯಿತು, ‘ಹೌಂಡ್ ಡಾಗ್’ ಎರಡಕ್ಕೇ ನಿಂತಿತು.

ಈಗ ಕೂಡಿ ನೋಡಿ. ಹಾಟ್ ಹಂಡ್ರೆಡ್ ಹುಟ್ಟುವ ಮೊದಲು, ಅಂದರೆ ‘ಹಾರ್ಟ್‌ಬ್ರೇಕ್ ಹೋಟೆಲ್’ನಿಂದ ಹಿಡಿದು 1958ರ ಜುಲೈನ ‘ಹಾರ್ಡ್ ಹೆಡೆಡ್ ವುಮನ್’ವರೆಗೆ, ಯಾವುದಾದರೊಂದು ಪಟ್ಟಿಯಲ್ಲಿ ಮೊದಲ ಸ್ಥಾನ ಕಂಡ ಹಾಡುಗಳು 11. ಆ ಜೋಡಿ ಪ್ಲೇಟನ್ನು ಒಂದೇ ಎಂದು ಹಿಡಿದರೆ 10. ಹಾಟ್ ಹಂಡ್ರೆಡ್ ಬಂದ ಮೇಲೆ ಸಿಕ್ಕಿದ್ದು 7: 1959ರಲ್ಲಿ ‘ಎ ಬಿಗ್ ಹಂಕ್ ಓ ಲವ್’, 1960ರಲ್ಲಿ ‘ಸ್ಟಕ್ ಆನ್ ಯು’, ‘ಇಟ್ಸ್ ನೌ ಆರ್ ನೆವರ್’, ‘ಆರ್ ಯು ಲೋನ್ಸಮ್ ಟುನೈಟ್’, 1961ರಲ್ಲಿ ‘ಸರೆಂಡರ್’, 1962ರಲ್ಲಿ ‘ಗುಡ್ ಲಕ್ ಚಾರ್ಮ್’, ಆಮೇಲೆ ಏಳು ವರ್ಷ ಖಾಲಿ, 1969ರಲ್ಲಿ ‘ಸಸ್ಪಿಶಸ್ ಮೈಂಡ್ಸ್’. ಹನ್ನೊಂದಕ್ಕೆ ಏಳು ಕೂಡಿಸಿದರೆ 18. ಬಿಲ್‌ಬೋರ್ಡ್ ಪಟ್ಟಿಗಳನ್ನು ಜೀವಮಾನವಿಡೀ ಸಂಕಲಿಸಿದ ಜೋಯೆಲ್ ವಿಟ್‌ಬರ್ನ್ ಅವರ ಲೆಕ್ಕ ಇದು. ಹತ್ತಕ್ಕೆ ಏಳು ಕೂಡಿಸಿದರೆ 17. ಇದು ಸ್ವತಃ ಬಿಲ್‌ಬೋರ್ಡ್ ಹೇಳುವ ಸಂಖ್ಯೆ. ಬರೀ ಹಾಟ್ ಹಂಡ್ರೆಡ್ ಹುಡುಕಿದವರಿಗೆ 7 ಸಿಗುತ್ತದೆ.

1958ಕ್ಕಿಂತ ಹಿಂದಿನ ಹಾಡುಗಳಿಗೆ ಟಾಪ್ ಹಂಡ್ರೆಡ್ ಒಂದನ್ನೇ ನಂಬಿದರೆ ಆ ಹತ್ತರ ಲೆಕ್ಕ ಇನ್ನೂ ಇಳಿಯುತ್ತದೆ. ‘ಐ ವಾಂಟ್ ಯು, ಐ ನೀಡ್ ಯು, ಐ ಲವ್ ಯು’ ಅದರಲ್ಲಿ 3ಕ್ಕೆ, ‘ಟೂ ಮಚ್’ 2ಕ್ಕೆ ನಿಂತವು, ಮಾರಾಟದ ಪಟ್ಟಿಯಲ್ಲಿ ಎರಡೂ ನಂಬರ್ ಒನ್. ನಮ್ಮ ಅಭಿಪ್ರಾಯ ಕೇಳಿದರೆ, 17 ಮತ್ತು 18 ಹೇಳಿದ ಇಬ್ಬರಿಗೂ ಅಂಕ ಕೊಡಬಹುದಿತ್ತು. 7 ಎಂಬುದು ಪಟ್ಟಿಯ ಹೆಸರು ಹೇಳಿದರೆ ಮಾತ್ರ ಸರಿ. 1956ರ ಎಲ್ವಿಸ್‌ನನ್ನೇ ಹೊರಗಿಟ್ಟು ಎಲ್ವಿಸ್‌ನ ಲೆಕ್ಕ ಹೇಳುವುದರಲ್ಲಿ ಹುರುಳಿಲ್ಲ. ಮುಂದಿನ ಸಲ ಪ್ರಶ್ನೆಯನ್ನು ಹೀಗೆ ಬರೆಯಿರಿ: ‘ಬಿಲ್‌ಬೋರ್ಡ್ ಹಾಟ್ ಹಂಡ್ರೆಡ್ ಆರಂಭವಾದ ಮೇಲೆ ಎಲ್ವಿಸ್‌ನ ಎಷ್ಟು ಹಾಡುಗಳು ಅದರ ಮೊದಲ ಸ್ಥಾನಕ್ಕೇರಿದವು?’ ಇದಕ್ಕೆ ಒಂದೇ ಉತ್ತರ. ಬ್ರಿಟನ್ನಿನ ಪಟ್ಟಿಗೆ ಹೋದರೆ ಅಧಿಕೃತ ಸಂಖ್ಯೆ 21. ಆದರೆ ಅದರಲ್ಲಿ 2002ರ ಒಂದು ರೀಮಿಕ್ಸ್ ಸೇರಿದೆ, 2005ರಲ್ಲಿ ಮರುಬಿಡುಗಡೆಯಾಗಿ ಮತ್ತೆ ಮೇಲೇರಿದ ಮೂರು ಹಳೆಯ ಪ್ಲೇಟುಗಳೂ ಸೇರಿವೆ.

ಎರಡು ಬದಿಯ ತಕರಾರು ಹಾಟ್ ಹಂಡ್ರೆಡ್‌ಗೂ ಬಂತು. 1969ರ ನವೆಂಬರ್ ಕೊನೆಯವರೆಗೆ ಅದು ಎ ಬದಿ, ಬಿ ಬದಿಗಳಿಗೆ ಪ್ರತ್ಯೇಕ ಸ್ಥಾನ ಕೊಡುತ್ತಿತ್ತು. ನಿಯಮ ಬದಲಾಗಿ ಎರಡೂ ಒಂದಾದಾಗ ಮೊದಲ ಲಾಭ ಆದದ್ದು ಬೀಟಲ್ಸ್‌ನ ‘ಕಮ್ ಟುಗೆದರ್’ ಮತ್ತು ‘ಸಮ್‌ಥಿಂಗ್’ ಇದ್ದ ಪ್ಲೇಟಿಗೆ. ಆ ವಾರವೇ ಅದು ತುದಿಗೆ ಹೋಯಿತು. ಅದೇ ನಿಯಮ ಹಿಂದೆಯೇ ಇದ್ದಿದ್ದರೆ ಅರವತ್ತರ ದಶಕದ ಎಷ್ಟೋ ಸ್ಥಾನಗಳು ಬೇರೆಯಾಗಿರುತ್ತಿದ್ದವು.

ಈ ಪಟ್ಟಿಗಳು ಏನನ್ನು ಅಳೆಯುತ್ತಿದ್ದವು ಎಂಬುದೂ ಕ್ವಿಝ್ ಮಾಡುವವರಿಗೆ ಗೊತ್ತಿರಬೇಕು. ಎಷ್ಟು ಪ್ಲೇಟು ಹೋದವು ಎಂದು ಯಾರೂ ಎಣಿಸುತ್ತಿರಲಿಲ್ಲ. ಆಯ್ದ ಅಂಗಡಿಗಳನ್ನು ಕೇಳುತ್ತಿದ್ದರು, ಅಂಗಡಿಯವನು ತನ್ನಲ್ಲಿ ಹೆಚ್ಚು ಹೋದದ್ದನ್ನು ಒಂದು, ಎರಡು, ಮೂರು ಎಂದು ಹೇಳುತ್ತಿದ್ದ, ಆ ಸ್ಥಾನಗಳಿಗೆ ಅಂಕ ಕೊಟ್ಟು ಕೂಡುತ್ತಿದ್ದರು. ಬ್ರಿಟನ್ನಿನಲ್ಲಿ 1952ರ ನವೆಂಬರ್ 14ರಂದು ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪತ್ರಿಕೆ ತಂದ ಮೊದಲ ಪಟ್ಟಿ ಹುಟ್ಟಿದ್ದು, ಪರ್ಸಿ ಡಿಕಿನ್ಸ್ ಎಂಬವರು ಸುಮಾರು ಇಪ್ಪತ್ತು ಅಂಗಡಿಗಳಿಗೆ ಫೋನ್ ಮಾಡಿ ವಿಚಾರಿಸಿ ಬರೆದುಕೊಂಡದ್ದರಿಂದ. ಹನ್ನೆರಡು ಸ್ಥಾನಗಳ ಆ ಪಟ್ಟಿಯಲ್ಲಿ ಸಮಬಲದಿಂದಾಗಿ ಹದಿನೈದು ಹಾಡುಗಳಿದ್ದವು! ಮೊದಲ ಸ್ಥಾನದಲ್ಲಿ ಆಲ್ ಮಾರ್ಟಿನೊ, ಒಂಬತ್ತು ವಾರ. ಅದೇ ವರ್ಷದ ಕೊನೆಗೆ ರೇಡಿಯೋ ಸಿಲೋನ್‌ನಲ್ಲಿ ಶುರುವಾದ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ಕೂಡ ಮುಂದೆ ಅಂಗಡಿಯ ಮಾರಾಟ ಮತ್ತು ಶ್ರೋತೃ ಸಂಘಗಳ ಪತ್ರ ಎರಡನ್ನೂ ಸೇರಿಸಿಯೇ ಪಾಯದಾನ್, ಅಂದರೆ ಹಾಡಿನ ಸ್ಥಾನ, ನಿರ್ಧರಿಸುತ್ತಿತ್ತು. ನಮ್ಮ ಹಿರಿಯ ಓದುಗರಿಗೆ ಈ ವ್ಯವಸ್ಥೆಯ ಬಲವೂ ಗೊತ್ತು, ದೌರ್ಬಲ್ಯವೂ ಗೊತ್ತು.

ದೌರ್ಬಲ್ಯ ಎಂದರೆ, ಹೇಳಿದ್ದೇ ಲೆಕ್ಕ. ಅಂಗಡಿಯ ಹುಡುಗನಿಗೆ ಒಂದಿಷ್ಟು ಪ್ಲೇಟು ಪುಕ್ಕಟೆ ಕೊಟ್ಟರೆ ಸ್ಥಾನ ಏರಬಹುದಿತ್ತು. ಡಿಸ್ಕ್ ಜಾಕಿಗೆ ದುಡ್ಡು ಕೊಟ್ಟು ಹಾಡು ನುಡಿಸುವ ‘ಪೆಯೋಲಾ’ ಅಷ್ಟು ಬೆಳೆದಿತ್ತು ಎಂದರೆ, ಅಮೆರಿಕದ ಸಂಸತ್ ಸಮಿತಿ 1959-60ರಲ್ಲಿ ವಿಚಾರಣೆಯನ್ನೇ ನಡೆಸಿತು. ಚಕ್ ಬೆರಿಯ ‘ಮೇಬೆಲೀನ್’ 1955ರಲ್ಲಿ ಬಂದಾಗ ರಚನೆಕಾರರ ಜಾಗದಲ್ಲಿ ಡಿಸ್ಕ್ ಜಾಕಿ ಅಲನ್ ಫ್ರೀಡ್‌ನ ಹೆಸರೂ ಇತ್ತು. ಆತ ಒಂದು ಸಾಲನ್ನೂ ಬರೆದಿರಲಿಲ್ಲ. ಹೆಸರು ಸೇರಿದರೆ ರಾಯಧನ ಸೇರುತ್ತದೆ, ರಾಯಧನ ಸೇರಿದರೆ ಹಾಡು ರೇಡಿಯೋದಲ್ಲಿ ಹೆಚ್ಚು ಕೇಳುತ್ತದೆ. ಆ ಹೆಸರು ತೆಗೆಸಲು ಬೆರಿಗೆ 1986ರವರೆಗೆ ಹಿಡಿಯಿತು. ಬಾರ್‌ಕೋಡ್ ಆಧಾರದ ನಿಜವಾದ ಎಣಿಕೆ ಬಿಲ್‌ಬೋರ್ಡ್‌ಗೆ ಬಂದದ್ದು 1991ರಲ್ಲಿ. ಹಾಗಾಗಿ ‘ನಂಬರ್ ಒನ್ ಆಯಿತು, ಆದ್ದರಿಂದ ಇಷ್ಟು ಲಕ್ಷ ಮಾರಾಟವಾಯಿತು’ ಎಂಬ ವಾಕ್ಯ ಎಲ್ಲೇ ಕಂಡರೂ ಪ್ರಶ್ನೆಪತ್ರಿಕೆಯಿಂದ ತೆಗೆದುಬಿಡಿ. ಚಿನ್ನದ ಪ್ಲೇಟಿನ ಮಾತೂ ಅಷ್ಟೆ. ಅಮೆರಿಕದ ಧ್ವನಿಮುದ್ರಣ ಉದ್ಯಮ ಸಂಘ ಅಧಿಕೃತವಾಗಿ ಚಿನ್ನದ ಪ್ಲೇಟು ಕೊಡತೊಡಗಿದ್ದು 1958ರ ಮಾರ್ಚ್‌ನಿಂದ. ಕಂಪನಿ ತನ್ನ ಲೆಕ್ಕಪತ್ರ ತೆರೆದು ತೋರಿಸಿದರೆ ಮಾತ್ರ ಕೊಡುತ್ತಿದ್ದರು. ಮೋಟೌನ್ ಕಂಪನಿ 1970ರ ದಶಕದ ಉತ್ತರಾರ್ಧದವರೆಗೆ ಅದಕ್ಕೆ ಸೇರಲೇ ಇಲ್ಲ. ಅದರ ಗಾಯಕಿಯರ ತಂಡ ಸುಪ್ರೀಮ್ಸ್‌ಗೆ ಆಗ ಚಿನ್ನ ಸಿಗಲಿಲ್ಲ ಎಂದರೆ ಮಾರಾಟ ಕಡಿಮೆ ಇತ್ತು ಎಂದಲ್ಲ.

ಇನ್ನೊಂದು ಬಲೆ ಇದೆ, ಇದರಲ್ಲಿ ಹೆಚ್ಚು ಜನ ಬೀಳುತ್ತಾರೆ. ಕರಿಯರ ಸಂಗೀತಕ್ಕೆ ಬಿಲ್‌ಬೋರ್ಡ್ ಬೇರೆ ಪಟ್ಟಿ ಇಟ್ಟಿತ್ತು. 1949ರಿಂದ ಅದರ ಹೆಸರು ‘ರಿದಮ್ ಅಂಡ್ ಬ್ಲೂಸ್’. ಫ್ಯಾಟ್ಸ್ ಡೊಮಿನೊ 1955ರಲ್ಲಿ ‘ಏಂಟ್ ದಟ್ ಎ ಶೇಮ್’ ಹಾಡಿದಾಗ ಆ ಪಟ್ಟಿಯಲ್ಲಿ 11 ವಾರ ಮೊದಲ ಸ್ಥಾನ. ಸಾಮಾನ್ಯ ಪಾಪ್ ಪಟ್ಟಿಯಲ್ಲಿ ಅದು 10ಕ್ಕೆ ನಿಂತಿತು, ಅಲ್ಲಿ ನಂಬರ್ ಒನ್ ಆದದ್ದು ಅದೇ ಹಾಡನ್ನು ಮತ್ತೆ ಹಾಡಿದ ಪ್ಯಾಟ್ ಬೂನ್. ಡೊಮಿನೊ ಪಾಪ್ ಪಟ್ಟಿಯಲ್ಲಿ ಎಂದೂ ನಂಬರ್ ಒನ್ ಆಗಲಿಲ್ಲ. ಲಿಟಲ್ ರಿಚರ್ಡ್‌ನ ‘ಟುಟ್ಟಿ ಫ್ರುಟ್ಟಿ’ಗೆ 17, ಬೂನ್‌ನ ನಕಲಿಗೆ 12. ‘ಲಾಂಗ್ ಟಾಲ್ ಸ್ಯಾಲಿ’ಯಲ್ಲಿ ಮಾತ್ರ ರಿಚರ್ಡ್ ಗೆದ್ದ: ಅವನಿಗೆ 6, ಬೂನ್‌ಗೆ 8. ಆ ಹೊತ್ತಿಗೆ ಬಿಳಿಯ ಹುಡುಗರೂ ಮೂಲ ಪ್ಲೇಟನ್ನೇ ಕೇಳಿ ಕೊಳ್ಳತೊಡಗಿದ್ದರು. ಎದುರಾಳಿ ಪತ್ರಿಕೆ ‘ಕ್ಯಾಶ್ ಬಾಕ್ಸ್’ನ ರೀತಿಯೇ ಬೇರೆ, ಆ ವರ್ಷಗಳಲ್ಲಿ ಅದು ಒಂದು ಹಾಡಿನ ಎಲ್ಲ ಗಾಯಕರ ಮುದ್ರಿಕೆಗಳನ್ನೂ ಒಂದೇ ಸ್ಥಾನದ ಕೆಳಗೆ ಕೂಡಿಸಿ ಹಾಕುತ್ತಿತ್ತು. ಆದ್ದರಿಂದ ಬಿಲ್‌ಬೋರ್ಡ್ ಸಂಖ್ಯೆಯನ್ನೂ ಕ್ಯಾಶ್ ಬಾಕ್ಸ್ ಸಂಖ್ಯೆಯನ್ನೂ ಒಂದೇ ಪ್ರಶ್ನೆಯಲ್ಲಿ ಹೋಲಿಸಬೇಡಿ.

ರಿದಮ್ ಅಂಡ್ ಬ್ಲೂಸ್ ಪಟ್ಟಿ 1963ರ ನವೆಂಬರ್ ಕೊನೆಯಿಂದ 1965ರ ಜನವರಿ ಕೊನೆಯವರೆಗೆ ಪ್ರಕಟವಾಗಲೇ ಇಲ್ಲ. ಪಾಪ್ ಪಟ್ಟಿಗೂ ಅದಕ್ಕೂ ವ್ಯತ್ಯಾಸವೇ ಉಳಿದಿಲ್ಲ ಎಂದು ಪತ್ರಿಕೆ ಅದನ್ನು ಕೈಬಿಟ್ಟಿತ್ತು. ಸುಪ್ರೀಮ್ಸ್ 1964ರಲ್ಲಿ ಹಾಟ್ ಹಂಡ್ರೆಡ್ ಗೆದ್ದ ಮೂರೂ ಹಾಡುಗಳು ಈ ಖಾಲಿ ಜಾಗದಲ್ಲಿ ಬಿದ್ದಿವೆ. ಅವಕ್ಕೆ ‘ಬಿಲ್‌ಬೋರ್ಡ್ ಆರ್ ಅಂಡ್ ಬಿ ನಂಬರ್ ಒನ್’ ಎಂದು ಯಾರಾದರೂ ಬರೆದಿದ್ದರೆ ಆ ಸಂಖ್ಯೆ ಬೇರೆ ಪತ್ರಿಕೆಯಿಂದ ಬಂದದ್ದು.

ಹೆಸರುಗಳಲ್ಲೂ ಎಚ್ಚರ ಬೇಕು. ‘ಬಡ್ಡಿ ಹಾಲಿಯ ನಂಬರ್ ಒನ್ ಯಾವುದು?’ ಎಂದರೆ 1957ರ ‘ದಟ್‌ಲ್ ಬಿ ದ ಡೇ’ ಎನ್ನುತ್ತಾರೆ. ಪ್ಲೇಟಿನ ಮೇಲಿರುವ ಹೆಸರು ಅವನ ತಂಡದ್ದು, ‘ದ ಕ್ರಿಕೆಟ್ಸ್’. ಬಡ್ಡಿ ಹಾಲಿ ಹಿಂದೆ ಡೆಕ್ಕಾ ಕಂಪನಿಗೆ ಅದೇ ಹಾಡನ್ನು ಹಾಡಿದ್ದರಿಂದ ಕರಾರಿನ ಪ್ರಕಾರ ಮತ್ತೆ ತನ್ನ ಹೆಸರಿನಲ್ಲಿ ಮುದ್ರಿಸುವಂತಿರಲಿಲ್ಲ. ತನ್ನದೇ ಹೆಸರಿನ ‘ಪೆಗಿ ಸೂ’ 3ಕ್ಕೆ ನಿಂತಿತು. ಬಡ್ಡಿ ಹಾಲಿ ಎಂಬ ಹೆಸರಿನಲ್ಲಿ ಬ್ರಿಟನ್ನಿನ ನಂಬರ್ ಒನ್ ಬಂದದ್ದು 1959ರಲ್ಲಿ, ವಿಮಾನ ಅಪಘಾತದಲ್ಲಿ ಆತ ತೀರಿಕೊಂಡ ಮೇಲೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಮೊದಲ ರಾಕ್ ಹಾಡು ಯಾವುದು ಎಂಬುದಕ್ಕೆ ಒಪ್ಪಿತ ಉತ್ತರ ಇಲ್ಲ; 1951ರಲ್ಲಿ ಮೆಂಫಿಸ್‌ನಲ್ಲಿ ಮುದ್ರಣಗೊಂಡ ‘ರಾಕೆಟ್ 88’ರ ಪರ ವಾದಿಸುವವರೂ ಇದ್ದಾರೆ, ಅದಕ್ಕಿಂತ ಹಿಂದಕ್ಕೆ ಹೋಗುವವರೂ ಇದ್ದಾರೆ. ನಂಬರ್ ಒನ್ ಎಂದರೆ ಸಾಮಾನ್ಯವಾಗಿ ಒಪ್ಪುವುದು ಬಿಲ್ ಹೇಲಿ ಮತ್ತು ಕಾಮೆಟ್ಸ್ ತಂಡದ ‘ರಾಕ್ ಅರೌಂಡ್ ದ ಕ್ಲಾಕ್’, 1955ರ ಜುಲೈ 9, ಮಾರಾಟದ ಪಟ್ಟಿ, 8 ವಾರ. ಈ ಹಾಡಿಗೆ 1954 ಎಂದೂ 1955 ಎಂದೂ ಎರಡು ವರ್ಷ ಕಾಣುವುದು ಏಕೆಂದರೆ, ಮುದ್ರಣವಾದದ್ದು 1954ರ ಏಪ್ರಿಲ್ 12, ನ್ಯೂಯಾರ್ಕಿನ ಪಿಥಿಯನ್ ಟೆಂಪಲ್‌ನಲ್ಲಿ. ಮೇ ತಿಂಗಳಲ್ಲಿ ಬಿ ಬದಿಯಾಗಿ ಹೊರಬಂದು, ಪಟ್ಟಿಯಲ್ಲಿ ಒಂದೇ ವಾರ 23ರಲ್ಲಿ ಮುಖ ತೋರಿಸಿ ಮಾಯವಾಯಿತು. ಮರುವರ್ಷ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಚಿತ್ರದ ಶೀರ್ಷಿಕೆಗಳ ಮೇಲೆ ಇದನ್ನು ಹಾಕಿದ ಮೇಲೆಯೇ ಭಾಗ್ಯ ತೆರೆದದ್ದು. ಅದರ ಪ್ರಸಿದ್ಧ ಗಿಟಾರ್ ಸೋಲೋ ನುಡಿಸಿದ ಡ್ಯಾನಿ ಸೆಡ್ರೋನ್ ಅದನ್ನು ನೋಡಲಿಲ್ಲ. 1954ರ ಜೂನ್‌ನಲ್ಲೇ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡಿದ್ದರು. ಪ್ರಶ್ನೆಯಲ್ಲಿ ‘ಮುದ್ರಣವಾದ ವರ್ಷ’ ಅಥವಾ ‘ನಂಬರ್ ಒನ್ ಆದ ವರ್ಷ’ ಎಂದು ಬಿಡಿಸಿ ಬರೆದರೆ ಸಾಕು. ತಾರೀಖಿನ ಬಗ್ಗೆ ಒಂದು ಮಾತು: ಅದು ಸಂಚಿಕೆಯ ಮೇಲೆ ಅಚ್ಚಾದ ತಾರೀಖು, ಸಮೀಕ್ಷೆ ನಡೆದದ್ದು ಅದಕ್ಕೂ ಹಿಂದೆ. ಆ ತಾರೀಖು ಬೀಳುವ ವಾರದ ದಿನವೂ ಒಂದೇ ಅಲ್ಲ. 1955ರ ಜುಲೈ 9 ಶನಿವಾರ, 1958ರ ಆಗಸ್ಟ್ 4 ಸೋಮವಾರ.

ಬೀಟಲ್ಸ್ ವಿಷಯಕ್ಕೆ ಬಂದರೆ, ‘ಪ್ಲೀಸ್ ಪ್ಲೀಸ್ ಮೀ’ ಎಂದವರೂ ‘ಫ್ರಮ್ ಮೀ ಟು ಯು’ ಎಂದವರೂ ಜಗಳವಾಡಬೇಕಿಲ್ಲ. 1963ರಲ್ಲಿ ಬ್ರಿಟನ್ನಿನಲ್ಲಿ ಸರಕಾರಿ ಮುದ್ರೆಯ ಒಂದೇ ಪಟ್ಟಿ ಇರಲಿಲ್ಲ. ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್, ಮೆಲೊಡಿ ಮೇಕರ್, ಡಿಸ್ಕ್ ಈ ಮೂರರಲ್ಲೂ ‘ಪ್ಲೀಸ್ ಪ್ಲೀಸ್ ಮೀ’ ಒಂದನೇ ಸ್ಥಾನ ಕಂಡಿತ್ತು. ವ್ಯಾಪಾರಿಗಳ ಪತ್ರಿಕೆ ‘ರೆಕಾರ್ಡ್ ರೀಟೇಲರ್’ನಲ್ಲಿ ಎರಡಕ್ಕೇ ನಿಂತಿತು. ನಂತರದ ದಾಖಲೆಕಾರರು 1960ರ ಮಾರ್ಚ್‌ನಿಂದ ಅದೇ ಪತ್ರಿಕೆಯನ್ನು ಅಧಿಕೃತ ಎಂದು ಹಿಡಿದರು. ಅಂದು ಹೆಚ್ಚು ಜನ ಓದಿದ ಪಟ್ಟಿ ಒಂದು, ಇಂದು ದಾಖಲೆಗೆ ಹಿಡಿಯುವ ಪಟ್ಟಿ ಇನ್ನೊಂದು. 2000ದಲ್ಲಿ ಬಂದ ಅವರ ನಂಬರ್ ಒನ್ ಹಾಡುಗಳ ಸಂಕಲನದಲ್ಲಿ ‘ಪ್ಲೀಸ್ ಪ್ಲೀಸ್ ಮೀ’ ಇಲ್ಲದಿರುವುದು ಇದರಿಂದಲೇ. 1967ರಲ್ಲಿ ‘ಪೆನ್ನಿ ಲೇನ್’ ಮತ್ತು ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಪ್ಲೇಟನ್ನು ಎರಡರಲ್ಲೇ ತಡೆದು ನಿಲ್ಲಿಸಿದ್ದು ಎಂಗಲ್‌ಬರ್ಟ್ ಹಂಪರ್‌ಡಿಂಕ್‌ನ ‘ರಿಲೀಸ್ ಮೀ’. ಈತ ಹುಟ್ಟಿದ್ದು ಮದರಾಸಿನಲ್ಲಿ. ರಿಂಗೋಗಿಂತ ಮೊದಲು ಬೀಟಲ್ಸ್‌ಗೆ ಡ್ರಮ್ ಬಾರಿಸಿದ ಪೀಟ್ ಬೆಸ್ಟ್ ಹುಟ್ಟಿದ್ದೂ ಮದರಾಸಿನಲ್ಲೇ. ಕ್ಲಿಫ್ ರಿಚರ್ಡ್ ಲಖನೌದವರು. ಕ್ವಿಝ್‌ಗೆ ಬೇಕಾದರೆ ಇಟ್ಟುಕೊಳ್ಳಿ, ಇದರಲ್ಲಿ ಪಟ್ಟಿಯ ತಕರಾರಿಲ್ಲ.

ಅಮೆರಿಕದಲ್ಲಿ 1964ರ ಏಪ್ರಿಲ್ 4ರ ವಾರ ಹಾಟ್ ಹಂಡ್ರೆಡ್‌ನ ಮೊದಲ ಐದೂ ಸ್ಥಾನ ಬೀಟಲ್ಸ್‌ಗೆ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಅದು ಹೇಗೆ ಸಾಧ್ಯವಾಯಿತು ಎಂಬುದು ಇನ್ನೂ ಸೊಗಸಾದ ಪ್ರಶ್ನೆ. ಆ ಐದು ಹಾಡುಗಳು ನಾಲ್ಕು ಲೇಬಲ್ಲುಗಳಿಂದ ಬಂದಿದ್ದವು: ಕ್ಯಾಪಿಟಲ್‌ನಿಂದ ಎರಡು, ಟಾಲಿ, ಸ್ವಾನ್, ವೀ-ಜೇ ಇವುಗಳಿಂದ ಒಂದೊಂದು. ಹಿಂದಿನ ವರ್ಷ ಕ್ಯಾಪಿಟಲ್ ಇವರನ್ನು ಬೇಡವೆಂದಿತ್ತು, ಹಾಡುಗಳು ಸಣ್ಣ ಕಂಪನಿಗಳ ಕೈಗೆ ಹೋಗಿ ಯಾರೂ ಕೇಳದೆ ಬಿದ್ದಿದ್ದವು. ವೀ-ಜೇ ತಂದ ಮೊದಲ ಪ್ರತಿಗಳ ಮೇಲೆ ತಂಡದ ಹೆಸರಿನ ಕಾಗುಣಿತವೇ ತಪ್ಪು, ಒಂದು ‘ಟಿ’ ಹೆಚ್ಚಿತ್ತು. ಜನಕ್ಕೆ ಬೀಟಲ್ಸ್ ಹುಚ್ಚು ಹಿಡಿದಾಗ ಈ ಕಂಪನಿಗಳೆಲ್ಲ ತಮ್ಮ ದಾಸ್ತಾನನ್ನು ಒಟ್ಟಿಗೆ ಮಾರುಕಟ್ಟೆಗೆ ಬಿಟ್ಟರು. ಒಂದೇ ಕಂಪನಿಯ ಹಿಡಿತದಲ್ಲಿದ್ದಿದ್ದರೆ ತಿಂಗಳಿಗೊಂದರಂತೆ ಬಿಡುತ್ತಿತ್ತು, ಐದೂ ಒಟ್ಟಿಗೆ ಬರುತ್ತಿರಲಿಲ್ಲ.

ಹಳೆಯ ಹಾಡುಗಳ ದಾಖಲೆ ಮುಗಿದ ಅಧ್ಯಾಯ ಎಂದೂ ನಂಬಬೇಡಿ. ಬ್ರೆಂಡಾ ಲೀ ತನ್ನ 13ನೇ ವಯಸ್ಸಿನಲ್ಲಿ, 1958ರಲ್ಲಿ, ಹಾಡಿದ ಕ್ರಿಸ್‌ಮಸ್ ಹಾಡು 1960ರಲ್ಲಿ 14ಕ್ಕೆ ಮುಟ್ಟಿ ನಿಂತಿತ್ತು. 2023ರ ಡಿಸೆಂಬರ್‌ನಲ್ಲಿ ಅದು ಹಾಟ್ ಹಂಡ್ರೆಡ್‌ನ ನಂಬರ್ ಒನ್ ಆಯಿತು. ಪ್ರಶ್ನೆಯ ಕೊನೆಯಲ್ಲಿ ‘ಇಂಥ ವರ್ಷದವರೆಗೆ’ ಎಂದು ಬರೆಯುವುದು ಒಳ್ಳೆಯದು.

ಕೊನೆಗೆ ನಿಮ್ಮ ಪ್ಲೇಟು. 78 ಎಂಬ ಕಾರಣಕ್ಕೆ ಅದನ್ನು ನಕಲಿ ಎನ್ನಬೇಡಿ. ಬ್ರಿಟನ್ನಿನಲ್ಲಿ 78ರ ಕಾಲ 1960ರ ಸುಮಾರಿಗೆ ಮುಗಿದಿತ್ತು, ಆದರೆ ಭಾರತದಲ್ಲಿ ಗ್ರಾಮಫೋನ್ ಕಂಪನಿ ಕಲ್ಕತ್ತಾದ ಡಮ್‌ಡಮ್ ಕಾರ್ಖಾನೆಯಲ್ಲಿ ಅರವತ್ತರ ದಶಕದ ನಡುವಿನವರೆಗೆ ಬೀಟಲ್ಸ್ ಹಾಡುಗಳನ್ನು 78ರಲ್ಲೇ ಒತ್ತುತ್ತಿತ್ತು. ಕರೆಂಟಿಲ್ಲದ ಮನೆಗಳಲ್ಲಿ ಕೀ ಕೊಟ್ಟು ತಿರುಗಿಸುವ ಗ್ರಾಮಫೋನ್‌ಗಳು ಇನ್ನೂ ಓಡುತ್ತಿದ್ದವು, ಅವಕ್ಕೆ ಬೇರೆ ವೇಗ ಗೊತ್ತಿರಲಿಲ್ಲ. ಪ್ರಪಂಚದ ಸಂಗ್ರಾಹಕರು ಇವನ್ನು ಹುಡುಕುತ್ತಾರೆ. ನಿಮ್ಮದು ಹತ್ತು ಇಂಚಿನದೇ, ಪಾರ್ಲೋಫೋನ್ ಲೇಬಲ್ಲೇ, ಭಾರತದಲ್ಲಿ ತಯಾರಾದದ್ದು ಎಂಬ ಅಚ್ಚಿದೆಯೇ ನೋಡಿ. 78ರ ಪ್ಲೇಟು ಅರಗಿನದು (ಶೆಲ್ಯಾಕ್), ಕೈಗೆ ಭಾರ, ಬಗ್ಗುವುದಿಲ್ಲ. ಆದರೆ ಬಗ್ಗಿಸಿ ಪರೀಕ್ಷೆ ಮಾಡಲು ಹೋಗಬೇಡಿ, ಎರಡು ಹೋಳಾಗುತ್ತದೆ.

ಸ್ಪಿರಿಟ್, ಸ್ಯಾನಿಟೈಸರ್ ಹಾಕಿ ಒರೆಸುವುದು ದೊಡ್ಡ ತಪ್ಪು. ಮದ್ಯಸಾರದಲ್ಲಿ ಅರಗು ಕರಗುತ್ತದೆ, ಹಾಡು ಅಡಗಿರುವ ಗೀರುಗಳು ಅಳಿದರೆ ಮತ್ತೆ ಬರುವುದಿಲ್ಲ. ಡಿಸ್ಟಿಲ್ಡ್ ನೀರಿಗೆ ಒಂದೆರಡು ತೊಟ್ಟು ಪಾತ್ರೆ ತೊಳೆಯುವ ಸೌಮ್ಯ ದ್ರಾವಣ ಸೇರಿಸಿ, ಮೆತ್ತನೆ ಬಟ್ಟೆಯಿಂದ ಗೀರಿನ ಸುತ್ತಿಗೆ ಸರಿಯಾಗಿ ಒರೆಸಿ, ಲೇಬಲ್ಲಿಗೆ ನೀರು ಸೋಕದಂತೆ ನೋಡಿಕೊಂಡು, ಆಮೇಲೆ ಬರೀ ನೀರಿನಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ. ಎಲ್‌ಪಿ ನುಡಿಸುವ ಮುಳ್ಳನ್ನು ಇದಕ್ಕೆ ಹಾಕಬೇಡಿ. ಅದರ ತುದಿ ಇಂಚಿನ ಸಾವಿರದ ಒಂದು ಭಾಗದಷ್ಟೇ, 78ರ ಗೀರಿಗೆ ಮೂರು ಭಾಗದ ತುದಿ ಬೇಕು. ಸಣ್ಣ ಮುಳ್ಳು ಗೀರಿನ ತಳದಲ್ಲಿ ಅಲೆದಾಡಿ ಬರೀ ಕರಕರ ಸದ್ದು ಕೊಡುತ್ತದೆ. ಹಳೆಯ ಕೀ ಗ್ರಾಮಫೋನ್‌ನಲ್ಲೇ ಕೇಳುವುದಾದರೆ ಪ್ರತಿ ಬದಿಗೂ ಹೊಸ ಉಕ್ಕಿನ ಪಿನ್ನು ಹಾಕಿ. ಅರಗಿನೊಳಗಿನ ಪುಡಿ ಪಿನ್ನನ್ನೇ ಮಸೆಯುವಂತೆ ಮಾಡಿರುತ್ತಾರೆ, ಒಂದು ಬದಿ ಮುಗಿಯುವ ಹೊತ್ತಿಗೆ ಅದರ ಅಂಚು ಹರಿತವಾಗಿ ಎರಡನೇ ಬದಿಯನ್ನು ಕೊರೆಯುತ್ತದೆ. ಇಷ್ಟು ಅಪರೂಪದ್ದನ್ನು ಪಿನ್ನು ಹಿಡಿದಿರುವ ಆ ಭಾರದ ಸೌಂಡ್‌ಬಾಕ್ಸ್ ಕೆಳಗೆ ಹಾಕದಿರುವುದೇ ವಾಸಿ ಎಂದು ನಮಗನಿಸುತ್ತದೆ. ಒಮ್ಮೆ ಸರಿಯಾದ ಮುಳ್ಳಿರುವ ವಿದ್ಯುತ್ ಟರ್ನ್‌ಟೇಬಲ್‌ನಲ್ಲಿ ನುಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡು, ಪ್ಲೇಟನ್ನು ಹೊಸ ಕಾಗದದ ಕವರಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿದರೆ ಅಡಿಯದು ಬಿರುಕು ಬಿಡುತ್ತದೆ.

— ಸಂ.